ಹಳೆ ಬಟ್ಟೆ ಆನ್‌ಲೈನ್ ಮಾರಾಟ: ಮನೆಯ ಮಾರಾಟ ಯಾವುದು, ವ್ಯಾಪಾರ ಯಾವುದು?

ಸಂಡೂರು ತಾಲ್ಲೂಕಿನ ವಡ್ಡು, ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಪಕ್ಕದ ಊರು. ಬೇರೆ ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದ ಕುಟುಂಬಗಳು ಈ ಸುತ್ತಿನಲ್ಲಿ ಬಹಳ ಇವೆ. ವರ್ಗವಾದಾಗ ಸಾಮಾನು ಕಡಿಮೆ ಮಾಡಿಕೊಂಡು ಹೋಗುವುದು ಇಂಥ ಊರುಗಳ ರೂಢಿ. ಮೊದಲು ಮಂಚ, ಕಪಾಟು, ಸೈಕಲ್ಲು ಮಾತ್ರ ಮಾರಾಟಕ್ಕೆ ಬರುತ್ತಿದ್ದವು. ಬಟ್ಟೆ ಮನೆಗೆಲಸದವರಿಗೆ ಹೋಗುತ್ತಿತ್ತು, ಇಲ್ಲವೇ ಬೀದಿಯಲ್ಲಿ ಕೂಗುತ್ತಾ ಬರುವ ಪಾತ್ರೆಯವರಿಗೆ. ನಾಲ್ಕು ಸೀರೆ ಕೊಟ್ಟರೆ ಒಂದು ಸ್ಟೀಲ್ ಡಬ್ಬಿ, ಅದಕ್ಕೂ ಅರ್ಧ ಗಂಟೆ ಚೌಕಾಸಿ. ಈಗ ಅದೇ ಸೀರೆ ಫೋಟೋ ಆಗಿ ವಾಟ್ಸಾಪ್ ಗುಂಪಿಗೆ, ಓಎಲ್‌ಎಕ್ಸ್‌ಗೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗೆ, ಇನ್‌ಸ್ಟಾಗ್ರಾಂಗೆ ಹೋಗುತ್ತದೆ. ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲ ಕಡೆ ಇದೇ ನಡೆದಿದೆ. ರಾಜ್ಯದ ಬೇರೆ ಊರುಗಳಲ್ಲಿರುವ ನಮ್ಮ ಮನೆಗಳಲ್ಲೂ ಇದೇ ಇರಬೇಕು.

ಮಾರುವುದು ಸುಲಭವಾಯಿತು, ಜೊತೆಗೆ ಒಂದು ಅಂಜಿಕೆಯೂ ಬಂತು. 2025ರ ಜುಲೈ ತಿಂಗಳಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಜಮೆಗಳ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದು ಎಲ್ಲರಿಗೂ ನೆನಪಿದೆ. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಎಂದು ಬರೆದು ಹಾಕಿದ್ದರು. ಅಂದಿನಿಂದ ಮನೆಯ ಹೆಣ್ಣುಮಕ್ಕಳು ಎರಡು ಸೀರೆ ಮಾರಿದರೂ "ನಮಗೂ ಜಿಎಸ್‌ಟಿ ನೋಟಿಸು ಬರುತ್ತದೆಯೇ?" ಎಂದು ಕೇಳುತ್ತಾರೆ. ಇನ್ನೊಂದು ಕಡೆ, ಮೂಟೆಗಟ್ಟಲೆ ಹಳೆ ಬಟ್ಟೆ ಕೊಂಡು ಮಾರುವವರು "ನಾನೇನು ಅಂಗಡಿ ಇಟ್ಟಿದ್ದೇನೆಯೇ, ಮೊಬೈಲಿನಲ್ಲಿ ಮಾರುತ್ತೇನೆ ಅಷ್ಟೆ" ಎಂದು ನಿಶ್ಚಿಂತೆಯಾಗಿದ್ದಾರೆ. ಅಂಜಬೇಕಿಲ್ಲದವರು ಅಂಜುತ್ತಿದ್ದಾರೆ, ಲೆಕ್ಕ ಇಡಬೇಕಾದವರು ಇಡುತ್ತಿಲ್ಲ. ಅದಕ್ಕಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬಟ್ಟೆ ಮನೆಗೆ ಯಾಕೆ ಬಂತು?

ಯಾವ ಆ್ಯಪ್‌ನಲ್ಲಿ ಮಾರಿದಿರಿ ಎಂಬುದು ಮುಖ್ಯವಲ್ಲ. ಆ ಬಟ್ಟೆ ನಿಮ್ಮ ಮನೆಗೆ ಯಾಕೆ ಬಂತು ಎಂಬುದನ್ನು ಮೊದಲು ಕೇಳಿಕೊಳ್ಳಿ. ಉಡಲು, ತೊಡಲು ತಂದು, ಬಳಸಿ, ಈಗ ಬೇಡವಾಗಿ ಮಾರಿದರೆ ಅದು ಮನೆಯ ಮಾರಾಟ. ಮಾರಲೆಂದೇ ಕೊಂಡು ತಂದು ಮಾರಿದರೆ ಅದು ವ್ಯಾಪಾರ. ಕಾನೂನು ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆ ಮಾತಿನಲ್ಲಿ ಹೇಳಿದರೂ ಗೆರೆ ಹೆಚ್ಚು ಕಡಿಮೆ ಇದೇ ಜಾಗದಲ್ಲಿ ಬೀಳುತ್ತದೆ.

ಆದಾಯ ತೆರಿಗೆ ನೋಡಿ. ಮನೆಯವರ ಸ್ವಂತ ಬಳಕೆಯ ಚರ ವಸ್ತುಗಳನ್ನು, ಅದರಲ್ಲಿ ಉಡುಪು ಎಂದು ಹೆಸರಿಸಿಯೇ, ಬಂಡವಾಳ ಆಸ್ತಿಯ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಮದುವೆಗೆ ಕೊಂಡ ಲೆಹೆಂಗಾವನ್ನು ಎರಡು ವರ್ಷದ ಮೇಲೆ ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಸಾಮಾನ್ಯವಾಗಿ ಅದರಲ್ಲಿ ಲಾಭವೇ ಇರುವುದಿಲ್ಲ ಬಿಡಿ. ಆದರೆ ಆಭರಣಕ್ಕೆ ಈ ವಿನಾಯಿತಿ ಇಲ್ಲ, ಮತ್ತು ಬಟ್ಟೆಗೆ ಹೊಲಿದ ಚಿನ್ನ ಬೆಳ್ಳಿಯ ಒಡವೆ, ಅಮೂಲ್ಯ ಹರಳುಗಳೂ ಆಭರಣದ ವ್ಯಾಖ್ಯೆಯೊಳಗೇ ಬರುತ್ತವೆ. ಅಜ್ಜಿಯ ಕಾಲದ ಕುಪ್ಪಸಕ್ಕೆ ನಿಜವಾದ ಬೆಳ್ಳಿ ಗುಂಡಿ, ಮುತ್ತು, ಹರಳು ಇದ್ದರೆ ಮಾರುವ ಮುಂಚೆ ಬಿಚ್ಚಿಟ್ಟುಕೊಳ್ಳಿ, ಅಥವಾ ಬೇರೆ ಲೆಕ್ಕ ಮಾಡಿ.

ಜಿಎಸ್‌ಟಿಯಲ್ಲಿ ತೆರಿಗೆ ಬೀಳುವುದು ವ್ಯವಹಾರದ ಭಾಗವಾಗಿ ಅಥವಾ ವ್ಯವಹಾರ ಬೆಳೆಸಲು ಮಾಡಿದ ಮಾರಾಟಕ್ಕೆ. ಮನೆಯ ಹಳೆ ಚಿನ್ನವನ್ನು ಅಂಗಡಿಗೆ ಮಾರುವವರ ಬಗ್ಗೆ 2017ರ ಜುಲೈನಲ್ಲಿ ಗೊಂದಲ ಎದ್ದಾಗ, ಆ ತಿಂಗಳ 13ರಂದು ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟಿತು: ಒಬ್ಬ ವ್ಯಕ್ತಿ ತನ್ನ ಹಳೆಯ ಒಡವೆ ಮಾರುವುದು ಆತನ ವ್ಯವಹಾರದ ಮಾರಾಟವಲ್ಲ ಎಂದು. ಒಡವೆಗೆ ಹೇಳಿದ ಈ ತರ್ಕ ಉಟ್ಟ ಸೀರೆಗೂ ನಿಲ್ಲುತ್ತದೆ.

ಗ್ರಾಹಕ ಕಾನೂನಿನಲ್ಲೂ ಹಾಗೆಯೇ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಒಬ್ಬ ವ್ಯಕ್ತಿ ಖಾಸಗಿಯಾಗಿ ಮಾಡುವ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಆದರೆ ಅದನ್ನೇ ಕ್ರಮಬದ್ಧವಾಗಿ, ಮತ್ತೆ ಮತ್ತೆ, ವ್ಯಾಪಾರದ ರೀತಿಯಲ್ಲಿ ಮಾಡಿದರೆ ಅನ್ವಯಿಸುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಜಿಎಸ್‌ಟಿ ಕಾಯ್ದೆಯಲ್ಲಿ "ವ್ಯವಹಾರ" ಎಂಬ ಪದದ ಅರ್ಥ ಬಹಳ ಅಗಲ. ಲಾಭಕ್ಕಾಗಿ ಮಾಡಿರಲಿ ಬಿಡಲಿ, ವ್ಯಾಪಾರದ ಸ್ವರೂಪ ಇದ್ದರೆ ಅದು ವ್ಯವಹಾರ. ನಾಲ್ಕು ಸಲ ಮಾಡಿದರೆ ಮಾತ್ರ ವ್ಯಾಪಾರ, ಒಂದು ಸಲಕ್ಕೆ ಅಲ್ಲ ಎಂಬ ಮಾತೂ ಅಲ್ಲಿ ನಡೆಯುವುದಿಲ್ಲ. ಆದ್ದರಿಂದ "ಸಣ್ಣ ಪ್ರಮಾಣ", "ಹವ್ಯಾಸ", "ಸೇವೆ" ಎಂಬ ಹೆಸರಿನಿಂದ ವ್ಯಾಪಾರ ಮನೆಯ ಮಾರಾಟ ಆಗಿಬಿಡುವುದಿಲ್ಲ. ಅದೇ ರೀತಿ, ಮನೆ ಖಾಲಿ ಮಾಡುವಾಗ ಒಂದೇ ವಾರದಲ್ಲಿ ಅರವತ್ತು ಬಟ್ಟೆ ಮಾರಿದರೂ ಅವು ಉಟ್ಟು ಬಿಟ್ಟವೇ ಆಗಿದ್ದರೆ ಅಂಜುವ ಕಾರಣವಿಲ್ಲ.

ವ್ಯಾಪಾರಿ ಮನೆಗಳಿಗೆ ವಿಶೇಷವಾಗಿ

ನಮ್ಮಲ್ಲಿ ಅನೇಕ ಮನೆಗಳಿಗೆ ಮೊದಲೇ ಅಂಗಡಿ ಇರುತ್ತದೆ, ಜಿಎಸ್‌ಟಿ ನಂಬರ್ ಇರುತ್ತದೆ. ಅಲ್ಲಿ ಗೊಂದಲ ಹೆಚ್ಚು. ವಹಿವಾಟಿನ ಲೆಕ್ಕ ಹೋಗುವುದು ಪ್ಯಾನ್ ಕಾರ್ಡಿನ ಮೇಲೆ. ಯಜಮಾನರ ಪ್ಯಾನ್‌ನಲ್ಲಿ ಕಿರಾಣಿ ಅಂಗಡಿ ಇದೆ ಎನ್ನಿ. ಅವರ ಮನೆಯಾಕೆ ತಮ್ಮ ಉಟ್ಟ ಸೀರೆ ಮಾರಿದರೆ ಅದು ಆಕೆಯ ಸ್ವಂತ ಮಾರಾಟ, ಅಂಗಡಿಗೆ ಸಂಬಂಧವಿಲ್ಲ. ಆದರೆ ಯಜಮಾನರೇ ಬಿಡುವಿನಲ್ಲಿ ಹಳೆ ಬಟ್ಟೆ ಕೊಂಡು ಮಾರತೊಡಗಿದರೆ, ಅದು ಎಷ್ಟೇ ಸಣ್ಣದಿದ್ದರೂ ಅದೇ ಪ್ಯಾನ್‌ನ ವಹಿವಾಟು. ನೋಂದಣಿ ಇರುವುದರಿಂದ ಮೊದಲ ಅಂಗಿಯಿಂದಲೇ ಬಿಲ್ಲು ಹಾಕಬೇಕು. "ಅದಕ್ಕೆ 40 ಲಕ್ಷದ ಮಿತಿ ಇದೆಯಲ್ಲ" ಎಂಬ ಮಾತು ಅವರಿಗೆ ಸಿಗುವುದಿಲ್ಲ. ಎಚ್‌ಯುಎಫ್ ಪ್ಯಾನ್ ಬೇರೆ, ಯಜಮಾನರ ಸ್ವಂತ ಪ್ಯಾನ್ ಬೇರೆ ಎಂಬುದೂ ನೆನಪಿರಲಿ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಹೇಳುವುದು ಒಂದೇ: ಸೀರೆ ಮಾರಿದ ದುಡ್ಡನ್ನು ಅಂಗಡಿಯ ಕ್ಯೂಆರ್ ಕೋಡಿಗೆ ಹಾಕಿಸಿಕೊಳ್ಳಬೇಡಿ. ಗಿರಾಕಿಗೆ ಅನುಕೂಲ ಎಂದು ಗೋಡೆಯ ಮೇಲಿನ ಕೋಡ್ ತೋರಿಸುತ್ತೇವೆ. ಆಮೇಲೆ ಆ ಜಮೆ ಅಂಗಡಿಯ ವಹಿವಾಟಲ್ಲ ಎಂದು ವಿವರಿಸುವ ಹೊಣೆ ನಿಮ್ಮ ಮೇಲೆ. ಎರಡು ವರ್ಷದ ಹಿಂದಿನ 650 ರೂಪಾಯಿ ಯಾರು ಹಾಕಿದ್ದು, ಯಾಕೆ ಹಾಕಿದ್ದು ಎಂದು ಯಾರಿಗೆ ನೆನಪಿರುತ್ತದೆ? ಮಾರಿದವರ ಸ್ವಂತ ಉಳಿತಾಯ ಖಾತೆಗೇ ಬರಲಿ, ಪಾವತಿಯ ಟಿಪ್ಪಣಿಯಲ್ಲಿ "ಹಳೆ ಸೀರೆ" ಎಂದು ಬರೆಸಿ. ಮಾರಾಟದ ಫೋಟೋ, ಮಾತುಕತೆಯನ್ನು ಅಳಿಸದೆ ಇಟ್ಟುಕೊಳ್ಳಿ. ಮನೆಯ ಮಾರಾಟಕ್ಕೆ ಇಷ್ಟು ದಾಖಲೆ ಸಾಕು.

ವ್ಯಾಪಾರವಾಗಿ ಮಾಡುವವರಿಗೆ

ಸರಕು ಮಾತ್ರ ಮಾರುವವರಿಗೆ, ರಾಜ್ಯದೊಳಗೆ, ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಹಳೆ ಬಟ್ಟೆ ವ್ಯಾಪಾರದಲ್ಲಿ ಈ ಮೊತ್ತ ಮುಟ್ಟುವವರು ವಿರಳ. ತೊಡಕು ಬರುವುದು ಮೊತ್ತದಿಂದಲ್ಲ, ಗಡಿಯಿಂದ.

ನಮ್ಮ ಭಾಗದವರಿಗೆ ಇದು ಬಹಳ ಹತ್ತಿರದ ಮಾತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದವು. ನೆಂಟಸ್ತನ, ಸಂತೆ, ವ್ಯಾಪಾರ ಮಾತ್ರ ಗಡಿ ನೋಡಲಿಲ್ಲ. ವಡ್ಡುವಿನಿಂದ ಬೆಂಗಳೂರಿಗೆ ಪಾರ್ಸೆಲ್ ಕಳುಹಿಸಿದರೆ ರಾಜ್ಯದೊಳಗಿನ ಮಾರಾಟ. ಅದಕ್ಕಿಂತ ಎಷ್ಟೋ ಹತ್ತಿರದ ಗುಂತಕಲ್ಲಿಗೆ ಕೊರಿಯರ್ ಮಾಡಿದರೆ ಅಂತರರಾಜ್ಯ ಮಾರಾಟ. ವ್ಯಾಪಾರಿಯಾಗಿ ಹೀಗೆ ಹೊರರಾಜ್ಯಕ್ಕೆ ತೆರಿಗೆ ಬೀಳುವ ಸರಕು ಮಾರಿದರೆ ವಹಿವಾಟು ಎಷ್ಟೇ ಕಡಿಮೆ ಇರಲಿ, ನೋಂದಣಿ ಬೇಕು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಮನೆಗಳಿಗೂ ಇದೇ ಮಾತು. ಇನ್‌ಸ್ಟಾಗ್ರಾಂನಲ್ಲಿ ಪುಟ ತೆರೆದು "ಭಾರತದಾದ್ಯಂತ ಕಳುಹಿಸುತ್ತೇವೆ" ಎಂದು ಹಾಕುವ ಮಕ್ಕಳಿಗೆ ಹಿರಿಯರು ಇದನ್ನು ಮೊದಲೇ ಹೇಳಬೇಕು.

ಎರಡನೆಯದು, ದುಡ್ಡು ಯಾರ ಕೈಯಿಂದ ಬರುತ್ತದೆ ಎಂಬುದು. ಜಾಹೀರಾತು ಹಾಕಿ, ಗಿರಾಕಿಯಿಂದ ನೀವೇ ನೇರ ಹಣ ಪಡೆದರೆ ಆ ಜಾಲತಾಣ ಬರೀ ಹಲಗೆ ಇದ್ದಂತೆ. ಆದರೆ ಆ್ಯಪ್‌ನವರೇ ಹಣ ವಸೂಲು ಮಾಡಿ, ತಮ್ಮ ಪಾಲು ಹಿಡಿದು ಉಳಿದದ್ದು ನಿಮಗೆ ಕೊಟ್ಟರೆ ನಿಯಮ ಬೇರೆ. ಮೊದಲು ಅಂಥ ಆ್ಯಪ್‌ಗಳಲ್ಲಿ ಒಂದು ಅಂಗಿ ಮಾರುವ ವ್ಯಾಪಾರಿಗೂ ಜಿಎಸ್‌ಟಿ ನಂಬರ್ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿದ್ದು ಒಂದೇ ರಾಜ್ಯದೊಳಗೆ ಮಾರುವವರು ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ನೋಂದಣಿ ಮಾಡಿಸಿದವರಿಗೆ ಆ್ಯಪ್‌ನವರು ಹಿಡಿಯುವ ಜಿಎಸ್‌ಟಿ ಟಿಸಿಎಸ್ 2024ರ ಜುಲೈ 10ರಿಂದ ಶೇಕಡಾ ಅರ್ಧ. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇಕಡಾ 0.1. ವ್ಯಕ್ತಿ ಅಥವಾ ಎಚ್‌ಯುಎಫ್ ಆ ಆ್ಯಪ್ ಮೂಲಕ ವರ್ಷಕ್ಕೆ 5 ಲಕ್ಷದೊಳಗೆ ಮಾರಿ, ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದರೆ ಅದೂ ಇಲ್ಲ.

ನೋಂದಣಿ ಮಾಡಿಸಿಕೊಂಡರೆ ಪೂರ್ತಿ ಬೆಲೆಗೆ ತೆರಿಗೆ ಕಟ್ಟಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ಜಿಎಸ್‌ಟಿ ನಿಯಮ 32(5) ಹಳೆ ವಸ್ತುಗಳ ವ್ಯಾಪಾರಿಗೆ ಮಾರ್ಜಿನ್ ಮೇಲೆ ಮಾತ್ರ ತೆರಿಗೆ ಕಟ್ಟುವ ದಾರಿ ಕೊಟ್ಟಿದೆ. 800 ರೂಪಾಯಿಗೆ ಕೊಂಡ ಸೀರೆಯನ್ನು 1,200ಕ್ಕೆ ಮಾರಿದರೆ ತೆರಿಗೆ ಲೆಕ್ಕ 400ರ ಮೇಲೆ. ಇನ್ನೊಂದು ಸೀರೆ 600ಕ್ಕೆ ಕೊಂಡು 500ಕ್ಕೆ ಹೋಯಿತು ಎನ್ನಿ, ಅದಕ್ಕೆ ತೆರಿಗೆ ಇಲ್ಲ. ಆದರೆ ಆ ನೂರರ ನಷ್ಟವನ್ನು ಮೊದಲಿನ 400ರಲ್ಲಿ ಕಳೆಯುವಂತಿಲ್ಲ. ಕೊಳ್ಳುವಾಗಿನ ಇನ್‌ಪುಟ್ ತೆರಿಗೆ ಕ್ರೆಡಿಟ್ ತೆಗೆದುಕೊಂಡಿರಬಾರದು ಎಂಬುದು ಷರತ್ತು. ಹಾಗಾಗಿ ಪ್ರತಿ ಬಟ್ಟೆಗೂ ಕೊಂಡ ಬೆಲೆ, ಯಾರಿಂದ, ಯಾವ ದಿನ ಎಂಬ ಒಂದು ಸಾಲು ಪುಸ್ತಕದಲ್ಲಿ ಇರಲೇಬೇಕು. ಮೂಟೆ ಲೆಕ್ಕದಲ್ಲಿ ಕೊಂಡು ಬಿಡಿ ಬಿಡಿಯಾಗಿ ಮಾರುವವರು ಇಲ್ಲಿಯೇ ಎಡವುತ್ತಾರೆ. ನಂಬರ್ ಚೀಟಿ ಹಚ್ಚಿ, ಮೂಟೆ ಬಿಚ್ಚಿದ ದಿನವೇ ಬೆಲೆ ಹಂಚಿ ಬರೆದುಕೊಳ್ಳುವುದು ಒಳ್ಳೆಯದು.

ಈ ಅನುಕೂಲ ಬಟ್ಟೆ ಬಟ್ಟೆಯಾಗಿಯೇ ಉಳಿದಾಗ ಮಾತ್ರ. ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ, ಫಾಲ್ ಬದಲಿಸಿ ಮಾರಬಹುದು. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದರೆ, ಜೀನ್ಸ್ ಕತ್ತರಿಸಿ ಚೀಲ ಮಾಡಿದರೆ ಅದು ಹೊಸ ವಸ್ತು, ಮಾರ್ಜಿನ್ ಲೆಕ್ಕ ಅದಕ್ಕೆ ಬರುವುದಿಲ್ಲ. ನಮ್ಮ ಕಡೆ ಕೌದಿ ಹೊಲಿಯುವ ಕೈಗಳು ಇನ್ನೂ ಇರುವುದರಿಂದ ಇದನ್ನು ಹೇಳಿದೆ.

ವ್ಯಾಪಾರಿ ಗಿರಾಕಿಗೆ ತನ್ನ ಹೆಸರು, ವಿಳಾಸ, ಎಲ್ಲ ಸೇರಿದ ಒಟ್ಟು ಬೆಲೆ, ವಾಪಸು ಪಡೆಯುವ ಷರತ್ತು ಮೊದಲೇ ತಿಳಿಸಬೇಕು. ಹೇಳಿದ್ದಕ್ಕೂ ಕಳುಹಿಸಿದ್ದಕ್ಕೂ ತಾಳೆಯಾಗದಿದ್ದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ತಾನೇ ಗಿರಾಕಿಯ ಹೆಸರಿನಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆಯುವುದೂ ತಪ್ಪು.

ಮಂಡಳಿಗಳು ಬಟ್ಟೆ ಸಂಗ್ರಹಿಸಿ ಮಾರುವಾಗ

ಮಹಿಳಾ ಮಂಡಳಿ, ಯುವಕ ಸಂಘದವರು ಮನೆ ಮನೆಯಿಂದ ಬಟ್ಟೆ ಸಂಗ್ರಹಿಸಿ, ಒಳ್ಳೆಯದನ್ನು ಆರಿಸಿ ವಾಟ್ಸಾಪ್‌ನಲ್ಲಿ ಮಾರಿ, ಬಂದ ಹಣ ಗೋಶಾಲೆಗೋ ವಿದ್ಯಾರ್ಥಿ ವೇತನಕ್ಕೋ ಕೊಡುವುದುಂಟು. ಉದ್ದೇಶ ಉತ್ತಮ. ಲೆಕ್ಕದ ದೃಷ್ಟಿಯಿಂದ ಮಾತ್ರ ಇದು ಮನೆಯ ಮಾರಾಟವಲ್ಲ. ಬಟ್ಟೆ ಮಂಡಳಿಯವರ ಕೈಗೆ ಬಂದದ್ದೇ ಮಾರಲಿಕ್ಕೆ. ಧರ್ಮದತ್ತಿ ಸಂಸ್ಥೆಗಳ ಕೆಲವು ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ, ಬೆಲೆ ಪಡೆದು ಸರಕು ಮಾರುವುದಕ್ಕೆ ಆ ವಿನಾಯಿತಿ ಇಲ್ಲ. ಒಟ್ಟು ವಹಿವಾಟು ಮಿತಿಯೊಳಗೆ ಇರುವುದರಿಂದ ಬಹುತೇಕ ಮಂಡಳಿಗಳಿಗೆ ತೆರಿಗೆ ಬರುವುದಿಲ್ಲ ಅಷ್ಟೆ. ಕಲ್ಯಾಣ ಮಂಟಪದ ಬಾಡಿಗೆಯಂಥ ಬೇರೆ ಆದಾಯ ಅದೇ ಟ್ರಸ್ಟಿನಲ್ಲಿದ್ದರೆ ಎರಡನ್ನೂ ಕೂಡಿಸಿ ಆಡಿಟರ್‌ಗೆ ತೋರಿಸಬೇಕು.

ನಿಜವಾದ ಅಪಾಯ ಬೇರೆ ಇದೆ. ಮಂಡಳಿಗೆ ಬ್ಯಾಂಕ್ ಖಾತೆ ಇಲ್ಲವೆಂದು ಕಾರ್ಯದರ್ಶಿಯವರ ಫೋನಿಗೇ ಎಲ್ಲರೂ ಹಣ ಹಾಕುತ್ತಾರೆ. ಮೂರು ತಿಂಗಳಿಗೆ ಒಂದು ಲಕ್ಷ ಬಂತು, ಗೋಶಾಲೆಗೆ ನಗದಾಗಿ ಕೊಟ್ಟರು. ಕಾಗದದ ಮೇಲೆ ಉಳಿದದ್ದು ಏನು? ಆ ತಾಯಿಯ ಖಾತೆಗೆ ಒಂದು ಲಕ್ಷ ಜಮೆ, ಖರ್ಚಿಗೆ ದಾಖಲೆ ಇಲ್ಲ. ಸೇವೆ ಮಾಡಿದವರೇ ಉತ್ತರ ಹೇಳುವ ಸ್ಥಿತಿ. ಮಂಡಳಿಯ ಹೆಸರಿನಲ್ಲಿ ಖಾತೆ ತೆರೆಯಿರಿ. ಆಗದಿದ್ದರೆ ಕೊಳ್ಳುವವರು ನೇರವಾಗಿ ಗೋಶಾಲೆಯ ಖಾತೆಗೇ ಹಣ ಹಾಕಿ ರಸೀದಿ ತೋರಿಸಿ ಬಟ್ಟೆ ತೆಗೆದುಕೊಂಡು ಹೋಗಲಿ. ಆದರೆ ಅದಕ್ಕೆ ದೇಣಿಗೆ ರಸೀದಿ ಪಡೆದು 80ಜಿ ಕೇಳಬಾರದು, ಅದು ವಸ್ತುವಿಗೆ ಕೊಟ್ಟ ಬೆಲೆ.

ಇದ್ದದ್ದನ್ನು ಇದ್ದ ಹಾಗೆ ಹೇಳುವುದು

ಖಾಸಗಿ ಮಾರಾಟಗಾರನಿಗೆ ಇ-ಕಾಮರ್ಸ್ ನಿಯಮ ಇಲ್ಲವೆಂದರೆ ಏನು ಬೇಕಾದರೂ ಬರೆಯಬಹುದು ಎಂದಲ್ಲ. 1930ರ ಸರಕು ಮಾರಾಟ ಕಾಯ್ದೆ ಎಲ್ಲರಿಗೂ ಇದೆ. ವಿವರಣೆ ಕೊಟ್ಟು ಮಾರಿದ ವಸ್ತು ಆ ವಿವರಣೆಗೆ ಸರಿಹೊಂದಬೇಕು. ಮಾರುವ ಹಕ್ಕೂ ಮಾರುವವನಿಗೆ ಇರಬೇಕು. ವಾರಗಿತ್ತಿಯ ಸೀರೆಯನ್ನು ಕೇಳದೆ ಮಾರಿದರೆ ಕಾನೂನಿಗಿಂತ ಮೊದಲು ಮನೆಯಲ್ಲೇ ನ್ಯಾಯ ನಡೆಯುತ್ತದೆ, ಅದು ಬೇರೆ ಮಾತು.

ಅಳತೆಯನ್ನು ಟೇಪ್ ಹಿಡಿದು ಇಂಚಿನಲ್ಲಿ ಬರೆಯಿರಿ. ಎಲ್, ಎಕ್ಸ್‌ಎಲ್ ಎಂಬುದು ಒಂದೊಂದು ಕಂಪನಿಗೆ ಒಂದೊಂದು. ಕಲೆ, ತೂತು, ಬಣ್ಣ ಹೋದ ಜಾಗದ ಫೋಟೋ ಮೊದಲು ಹಾಕಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಪು ಧೂಳು ಬಿಳಿ ಬಟ್ಟೆಗೆ ಹತ್ತಿದರೆ ಟ್ಯೂಬ್‌ಲೈಟಿನ ಫೋಟೋದಲ್ಲಿ ಕಾಣುವುದಿಲ್ಲ, ಹಗಲಿನ ಬೆಳಕಿನಲ್ಲಿ ತೆಗೆಯಬೇಕು. ಉಟ್ಟುಕೊಂಡ ಫೋಟೋ ಹಾಕಲೇಬೇಡಿ, ಹ್ಯಾಂಗರ್ ಸಾಕು.

ರೇಷ್ಮೆಯೋ ಆರ್ಟ್ ಸಿಲ್ಕೋ ಎಂಬುದನ್ನು ಖಚಿತವಾಗಿ ಬರೆಯಿರಿ. ರೇಷ್ಮೆ ಎಂದು ನಂಬಿ ದುಡ್ಡು ಕೊಡುವವರು ಒಂದು ಕಡೆ, ಅಹಿಂಸೆಯ ಕಾರಣಕ್ಕೆ ರೇಷ್ಮೆ ಉಡದವರು ನಮ್ಮಲ್ಲೇ ಇನ್ನೊಂದು ಕಡೆ. ಇಬ್ಬರಿಗೂ ಮೋಸವಾಗಬಾರದು. ಮೊಳಕಾಲ್ಮೂರು, ಇಳಕಲ್ಲು ಎಂಬ ಹೆಸರುಗಳಿಗೂ ಭೌಗೋಳಿಕ ಗುರುತು ಇದೆ, ಅಲ್ಲಿ ನೇಯ್ದದ್ದಲ್ಲದಿದ್ದರೆ ಆ ಹೆಸರು ಬಳಸಬೇಡಿ. ಹಳೆ ಜರಿ ಸೀರೆಯನ್ನು ತೂಕಕ್ಕೆ ಕೇಳುವವರು ಬಂದರೆ ಅವಸರ ಮಾಡದೆ, ಗುರುತಿನ ಬೆಳ್ಳಿ ಅಂಗಡಿಯಲ್ಲಿ ಜರಿ ಪರೀಕ್ಷೆ ಮಾಡಿಸಿ ಕೊಡಿ. ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತು ಇದೆ. ಕನ್ನಡಿ, ಕವಡೆ ಹೊಲಿದ ಹಳೆಯ ಲಂಗ ಕುಪ್ಪಸಗಳನ್ನು ಚಿಂದಿ ಬೆಲೆಗೆ ಕೊಂಡು ಹಂಪಿಗೆ ಬರುವ ಪ್ರವಾಸಿಗರಿಗೆ ಮಾರುವ ಯೋಚನೆ ಯಾರಿಗಾದರೂ ಇದ್ದರೆ, ತಾಂಡಾದ ಹೆಣ್ಣುಮಕ್ಕಳಿಗೆ ನ್ಯಾಯವಾದ ಬೆಲೆ ಕೊಟ್ಟು, ಬರೆದುಕೊಂಡು ಕೊಳ್ಳಿ.

ಜೀನ್ಸ್ ವಿಷಯದಲ್ಲಿ ನನ್ನ ಅಭಿಪ್ರಾಯ: ನಮ್ಮ ಕಡೆ ಹಳೆ ಜೀನ್ಸ್ ಮಾರಲು ಶ್ರಮಪಡಬೇಡಿ. ಬಳ್ಳಾರಿಯಲ್ಲಿ ಹೊಸದೇ ಅಗ್ಗಕ್ಕೆ ಸಿಗುವಾಗ ಹಳೆಯದನ್ನು ಯಾರು ಕೇಳುತ್ತಾರೆ? ದೊಡ್ಡ ಕಂಪನಿಯ ಚೀಟಿ ಹಚ್ಚಿದ ನಕಲಿ ಮಾಲನ್ನು "ಫಸ್ಟ್ ಕಾಪಿ" ಎಂದು ಮಾರುವುದಂತೂ ಟ್ರೇಡ್ ಮಾರ್ಕ್ ಕಾಯ್ದೆಯ ಪ್ರಕಾರ ಅಪರಾಧ, ಹಳೆಯದಾದರೂ ಅಪರಾಧವೇ. ಚೆನ್ನಾಗಿ ಹೋಗುವುದು ಶಾಲೆಯ ಸಮವಸ್ತ್ರ, ಮಕ್ಕಳ ಸ್ವೆಟರ್, ಒಂದೆರಡು ಸಲ ಉಟ್ಟ ಮದುವೆ ಬಟ್ಟೆ. ಕಾರ್ಖಾನೆಯ ಗುರುತಿರುವ ಸಮವಸ್ತ್ರ, ಪೊಲೀಸ್ ಅಥವಾ ಸೈನ್ಯದ ಉಡುಪನ್ನು ಮಾತ್ರ ಯಾರಿಗೂ ಮಾರಬೇಡಿ, ದುರುಪಯೋಗವಾದರೆ ಬಾಗಿಲಿಗೆ ಬರುವುದು ನಿಮ್ಮ ಹೆಸರು.

ಹಣ ಪಡೆಯುವಾಗ

ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಓಎಲ್‌ಎಕ್ಸ್‌ನಂಥ ಕಡೆ ಜಾಹೀರಾತು ಹಾಕಿದ ಹತ್ತು ನಿಮಿಷದಲ್ಲಿ ಫೋನ್ ಬಂದು, ತಾನು ಸೈನ್ಯದಲ್ಲಿದ್ದೇನೆ, ಚೌಕಾಸಿ ಬೇಡ, ಈಗಲೇ ಪೂರ್ತಿ ಹಣ ಕಳುಹಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಎಂದರೆ ಅಲ್ಲಿಗೇ ಫೋನ್ ಇಡಿ. ಹಳೆ ಸೀರೆಗೆ ಚೌಕಾಸಿ ಮಾಡದ ಗಿರಾಕಿಯನ್ನು ನಾನು ನಲವತ್ತು ವರ್ಷದ ವ್ಯಾಪಾರದಲ್ಲಿ ನೋಡಿಲ್ಲ. "ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದು ವಾಪಸು ಕಳುಹಿಸಿ" ಎಂದು ಮೆಸೇಜು ಬಂದರೆ ಅದನ್ನು ನಂಬದೆ, ಬ್ಯಾಂಕ್ ಖಾತೆಯಲ್ಲಿ ಜಮೆ ಬಂದಿದೆಯೇ ನೋಡಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು, ಮೊದಲ ಗಂಟೆಯಲ್ಲಿ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೊಂಡ ಮಾಲು ಸರಿ ಇಲ್ಲವೆಂದು ವ್ಯಾಪಾರಿಯ ಮೇಲೆ ದೂರು ಹೇಳಲು ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಪಾರ್ಸೆಲ್ ಕಟ್ಟುವ ಮುಂಚೆ ಬಟ್ಟೆಯ ಜೇಬು, ಸೆರಗಿನ ಗಂಟು, ಕುಪ್ಪಸದ ಒಳಪದರ ಒಮ್ಮೆ ತಡವಿ ನೋಡಿ.